ಅಮಾವಾಸ್ಯೆಗೊಮ್ಮೆ ಕಾಣೆಯಾಗುವ ಡಿಸ್ಕು

ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಮೇಲೆ ನನಗೆ ದೆವ್ವಗಳ ಸಹವಾಸ ತಪ್ಪಿದ್ದಲ್ಲ. ಹೊಸ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಕಾಣದಿದ್ದರೆ ಜನ ಮೊದಲು ಅವುಗಳ ಮೇಲೆ ಸಂಶಯಪಡುತ್ತಾರೆ, ಆಮೇಲೆ ನನ್ನ ಮೇಲೆ.

ಮೂಡಲಗಿ

ಗೊಬ್ಬರದ ಅಂಗಡಿಯೊಂದಕ್ಕೆ ಹೊಸ ಕಂಪ್ಯೂಟರ್ ಜೋಡಿಸಿ ಕಳಿಸಿದ್ದೆ. ಮರುದಿನವೇ ಫೋನು: ಡಿಸ್ಕೇ ತೋರಿಸುತ್ತಿಲ್ಲ, ಅಂಗಡಿ ಕಟ್ಟಿದ ಜಾಗವೇ ಸರಿಯಿಲ್ಲವಂತೆ. ಹೋಗಿ ಬಿಚ್ಚಿ ನೋಡಿದರೆ, ಡಿಸ್ಕಿಗೆ ತಂತಿ ಸಿಕ್ಕಿಸುವುದನ್ನು ನಾನೇ ಮರೆತಿದ್ದೆ. ಸದ್ದಿಲ್ಲದೆ ಸಿಕ್ಕಿಸಿ, "ಹೌದ್ರಿ, ಜಾಗಾ ಸ್ವಲ್ಪ ಭಾರ ಐತಿ" ಎಂದು ಮಾಲೀಕರಿಗೆ ಹೇಳಿ ಬಂದೆ.

ಹುಕ್ಕೇರಿ

ತೀರಿಹೋದ ಮಾಸ್ತರೊಬ್ಬರ ಹೆಂಡತಿ ಅವ್ವಾರಿಗೆ ಹೊಸ ಕಂಪ್ಯೂಟರ್ ಜೋಡಿಸಿಕೊಟ್ಟೆ. ಕೆಟ್ಟುಹೋದ ಹಳೆಯದರಿಂದ ಮಾಸ್ತರ ಡಿಸ್ಕನ್ನು ತೆಗೆದು ಇದರಲ್ಲಿ ಕೂರಿಸಿದ್ದೆ. ಲಾಕ್‌ಡೌನಿನಲ್ಲಿ ಅವರು ಸಾಲಿ ಮಕ್ಕಳಿಗಾಗಿ ರೆಕಾರ್ಡ್ ಮಾಡಿದ ಪಾಠಗಳು ಅದರಲ್ಲಿದ್ದವು. ಅವರ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ. ನಕಲು ಮಾಡಿಡಲೇ ಎಂದರೆ ಅವ್ವಾರು ಒಪ್ಪಲಿಲ್ಲ. ಅಮಾವಾಸ್ಯೆಯ ಪೂಜೆ ಮುಗಿಸಿ ಮೊದಲು ತಾವೇ ಕೇಳಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದರು.

ಅಮಾವಾಸ್ಯೆಯಂದು ಫೋನು ಬಂತು. ಡಿಸ್ಕು ಕಾಣುತ್ತಿಲ್ಲ. ಹೋದೆ. ಒಳಗೆ ಒಂದಿಷ್ಟು ಬಿಳಿ ಧೂಳಿತ್ತು, ಗೋಡೆಯ ಸುಣ್ಣವಿರಬೇಕೆಂದು ಒರೆಸಿ, ತಂತಿ ಬದಲಿಸಿದೆ. ಡಿಸ್ಕು ಬಂತು. ಪೂಜೆಯ ಹೊತ್ತು ಮೀರಿತು, ಇನ್ನು ಮುಂದಿನ ಅಮಾವಾಸ್ಯೆಗೇ ಎಂದರು.

ತಿಂಗಳಿಡೀ ಚೆನ್ನಾಗಿತ್ತು. ಮುಂದಿನ ಅಮಾವಾಸ್ಯೆಯಂದು ಮತ್ತೆ ಮಾಯ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಾಸ್ತರ ಕನ್ನಡಕ ಕಂಪ್ಯೂಟರಿನ ಬಾಜೂ ಇತ್ತು, ಈಗಷ್ಟೇ ಬಿಚ್ಚಿಟ್ಟಂತೆ. ಅವ್ವಾರಿಗೆ ಮಾತ್ರ ಗಾಬರಿಯಿಲ್ಲ.

"ಅಮಾಸಿಗೆ ಅವ್ರು ಧುಪದಾಳಕ್ಕ ಹೊಳಿ ಜಳಕಕ್ಕ ಹೋಗತಿದ್ರು, ತಮ್ಮಾ. ಹೋಗಿರಬೇಕು. ಬರ್ತಾರ, ಕುಂದರು."

ಕುಳಿತೆ. ಬಾಗಿಲಿಗೆ ಬೆನ್ನು ಮಾಡಿ ಮಾತ್ರ ಕೂರಲಿಲ್ಲ.

ಮೂರನೆಯ ಅಮಾವಾಸ್ಯೆ

ಹೋದ ಸಲವೂ ಒರೆಸಿ ತಂತಿ ಬದಲಿಸಿದ ಮೇಲೆ ಡಿಸ್ಕು ಬಂದಿತ್ತು, ಪೂಜೆಯ ಹೊತ್ತು ಮಾತ್ರ ಮೀರಿತ್ತು. ಈ ಸಲ ಕರೆಯುವ ಮೊದಲೇ ಬೆಳಿಗ್ಗೆ ಹೋದೆ. ಅವ್ವಾರು ಪ್ಲಗ್ ಕಿತ್ತು, ಪೆಟ್ಟಿಗೆಯ ಬದಿ ಬಿಚ್ಚಿ, ಡಿಸ್ಕಿನ ತಂತಿ ಸಿಕ್ಕುವ ಸಂದಿಗೇ ನೀರಲ್ಲಿ ಕಲೆಸಿದ ವಿಭೂತಿ ಹಚ್ಚುತ್ತಿದ್ದರು. ಪೂಜೆಯಾದ ಮೇಲೆ ತಂತಿಯನ್ನು ನೀಟಾಗಿ ಸಿಕ್ಕಿಸಿಯೂ ಇಡುತ್ತಿದ್ದರಂತೆ. ಅಮಾವಾಸ್ಯೆಗೆ ಟ್ರ್ಯಾಕ್ಟರಿಗೂ ಪೂಜೆ ಮಾಡುವ ಊರುಗಳು ನಮ್ಮವು, ನನಗೇ ಹೊಳೆಯಬೇಕಿತ್ತು. ಹೊರಗೆ ಹಚ್ಚಿದರೆ ಸಾಲದೇ ಎಂದೆ.

"ಹೊರಗ ಬರೇ ಡಬ್ಬಿ ಐತಿ. ಅವ್ರು ಒಳಗ ಅದಾರ" ಎಂದರು.

ಒರೆಸಿ, ಒಣಗಿಸಿ, ತಂತಿ ಸಿಕ್ಕಿಸಿದೆ. ಡಿಸ್ಕು ಬಂತು. ಒಂದು ಪಾಠ ಹಚ್ಚಿದೆ. ಏಳರ ಮಗ್ಗಿ. ಅವ್ವಾರು ಸೆರಗು ಬಾಯಿಗೆ ಹಿಡಿದು ನಿಂತರು. ಏಳು ನಾಲ್ಕಲೆ ಇಪ್ಪತ್ತೆಂಟಕ್ಕೆ ಬಂದ ಮಾಸ್ತರು ಫಕ್ಕನೆ ನಿಂತರು. ಆಮೇಲೆ ಯಾರಿಗೋ ಗದರಿದರು:

"ಏ, ಆ ವಿಭೂತಿ ಕೈ ತಗಿ. ಮಷೀನದಾಗ ಹೋದ್ರ ಕೆಡತೈತಿ ಅಂತ ಎಷ್ಟ ಸಲ ಹೇಳಬೇಕು?"

ನನ್ನ ಮೈಮೇಲೆ ಮುಳ್ಳೆದ್ದವು. ಅವ್ವಾರು ವಿಭೂತಿಯ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಹೂಂ ರಿ" ಎಂದರು.

ನಾನೂ ಅಂದೆ.