ಹಾಲು ತಂದ ಕೈಯಲ್ಲೇ ಕಸ ಎತ್ತುವ ಹಿಮೋಗ್ಲೋಬಿನ್ ಅವರಿಗೆ

ಮಾನ್ಯ ಹಿಮೋಗ್ಲೋಬಿನ್ ಅವರು,
ಮೊಕ್ಕಾಂ: ಶ್ರೀ ಬದರೀನಾರಾಯಣ ಅವರ ರಕ್ತ,
ಎರಡನೇ ಮಹಡಿ, ಮಲ್ಲೇಶ್ವರಂ.

ಮಾನ್ಯರೇ,

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಾದ ಸದರಿ ಬದರೀನಾರಾಯಣ ಅವರ ಮೈಯಲ್ಲಿ ಅರವತ್ತೆರಡು ವರ್ಷದಿಂದ ಒಂದು ದಿನದ ರಜೆಯನ್ನೂ ಕೇಳದೆ ದುಡಿಯುತ್ತಿರುವ ತಮಗೆ, ನಾಲ್ಕನೇ ಮಹಡಿಯ ಬಾಡಿಗೆದಾರಳ ನಮಸ್ಕಾರಗಳು. ತಮ್ಮಂಥವರ ಮೇಲೆ ದೂರು ಬರೆಯುವುದಕ್ಕೆ ಸಂಕೋಚವಾಗುತ್ತದೆ. ಆದರೂ ತಮ್ಮ ನಡವಳಿಕೆ ಹದ್ದು ಮೀರಿದೆ.

ನಮ್ಮ ಹದಿನಾರು ಮನೆಗಳಿಗೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವವರೂ, ಆಮೇಲೆ ಕಸದ ಬಕೆಟ್ ಇಳಿಸುವವರೂ ಅಕ್ಕಯಮ್ಮ ಒಬ್ಬರೇ. ಹೋದ ವಾರದ ಸಭೆಯಲ್ಲಿ ಕಾರ್ಯದರ್ಶಿಗಳು, "ಹಾಲು ತಂದ ಕೈಲೇ ಕಸಾನೂ ಎತ್ತಿದ್ರೆ ಹೇಗ್ರೀ? ಅದೇ ಮೈಯಲ್ಲಿ ಲಿಫ್ಟಿಗೂ ಬರೋದಾ?" ಎಂದು ಕೇಳಿ, ಕಸ ಮುಟ್ಟುವವರು ಲಿಫ್ಟ್ ಮುಟ್ಟಕೂಡದೆಂದು ಚೀಟಿ ಅಂಟಿಸಿದರು. ಅಂದಿನಿಂದ ಐವತ್ತೆಂಟರ ಅಕ್ಕಯಮ್ಮನಿಗೆ ಮೆಟ್ಟಿಲೇ ಗತಿ. ಸರ್ಕಾರಿ ಆಸ್ಪತ್ರೆಯವರು ರಕ್ತ ಪರೀಕ್ಷಿಸಿ, ಹನ್ನೆರಡಿರಬೇಕಾದ ತಾವು ಅವರ ಮೈಯಲ್ಲಿ ಆರೂವರೆ ಮಾತ್ರ ಇದ್ದೀರಿ, ಮೆಟ್ಟಿಲು ಹತ್ತಲೇಬಾರದು ಎಂದಿದ್ದಾರೆ. "ಮೂರನೇ ತಿರುವಲ್ಲಿ ಕಣ್ಣು ಕತ್ಲೆ ಬರುತ್ತೆ ಕಣಮ್ಮಾ. ಕೂತ್ರೆ ಬೈತಾರೆ, ನಿಂತ್ರೆ ಬಿದ್ದೋಗ್ತೀನಿ" ಎನ್ನುತ್ತಾರೆ ಅವರು. ಮೆಟ್ಟಿಲ ಮೇಲೆ ಇನ್ನೊಮ್ಮೆ ಕೂತದ್ದು ಕಂಡರೆ ಬೇರೆಯವರನ್ನು ಗೊತ್ತು ಮಾಡುವುದಾಗಿ ಸಂಘ ತಿಳಿಸಿದೆ.

ಇದರಲ್ಲಿ ನನ್ನ ತಪ್ಪೇನು ಎನ್ನುವಿರಾ? ಕೆಟ್ಟ ಮಾದರಿ ಹಾಕಿಕೊಟ್ಟವರೇ ತಾವು. ಶ್ವಾಸಕೋಶದಲ್ಲಿ ಆಮ್ಲಜನಕ ಹೇರಿಕೊಂಡು ಕಾರ್ಯದರ್ಶಿಗಳ ಮಿದುಳಿನಿಂದ ಕಾಲಿನ ಕಿರುಬೆರಳಿನವರೆಗೆ ಹಂಚುತ್ತೀರಿ, ಬಹಳ ಸಂತೋಷ. ಅಲ್ಲಿಗೆ ಮುಗಿಸಿ ಮರ್ಯಾದೆಯಿಂದ ಬರಿಗೈಯಲ್ಲಿ ಬರಬಾರದೇ? ಅಲ್ಲಿಯ ಕಸವಾದ ಇಂಗಾಲದ ಡೈಆಕ್ಸೈಡನ್ನೂ ಹೊತ್ತು ತರುತ್ತೀರಿ. ಅದರ ಹೆಚ್ಚಿನ ಪಾಲು ಬೈಕಾರ್ಬನೇಟ್ ಎಂಬ ವೇಷದಲ್ಲಿ, ರಕ್ತದ ನೀರಿನಲ್ಲಿ ಕರಗಿ, ತಾನಾಗಿಯೇ ಬರುತ್ತದೆಂದು ತಮ್ಮ ಪರ ವಕೀಲರು ವಾದಿಸಬಹುದು. ಆ ವೇಷ ಕಟ್ಟಿಸುವುದೂ ತಾವಿರುವ ಕೆಂಪು ಕಣದೊಳಗೇ ಅಲ್ಲವೇ? ಆಮ್ಲಜನಕವನ್ನು ಕಬ್ಬಿಣದ ಮೇಲೂ, ಕಸವನ್ನು ತಮ್ಮದೇ ಪ್ರೋಟೀನ್ ಭಾಗದ ಮೇಲೂ ಬೇರೆ ಬೇರೆ ಕೂರಿಸುತ್ತೀರಿ ಎಂಬುದೊಂದೇ ಕಾರ್ಯದರ್ಶಿಗಳಿಗೆ ಸಮಾಧಾನ ತರಬಹುದಾದ ಸಂಗತಿ.

ನಮ್ಮ ಬಡಾವಣೆ ಕಟ್ಟಿದವರು ಮನೆಗಳ ಹಿಂದೆ ಮಲ ಹೊರುವವರಿಗೆಂದೇ ಒಂದು ಓಣಿ ಬಿಟ್ಟಿದ್ದರು. ತಾವೂ ಅಪಧಮನಿ, ಅಭಿಧಮನಿ ಎಂದು ಎರಡು ದಾರಿ ಇಟ್ಟುಕೊಂಡಿದ್ದೀರಿ, ಮೆಚ್ಚಬೇಕು. ಆದರೆ ಮುಂಬಾಗಿಲಲ್ಲಿ ಬಂದವರೇ ಹಿಂದಿನ ಓಣಿಯಲ್ಲೂ ಹೋಗುವುದು, ಅದೂ ನಿಮಿಷಕ್ಕೊಂದು ಸುತ್ತು, ನಡುವೆ ಒಂದು ಸ್ನಾನವೂ ಇಲ್ಲದೆ! ಇಂಥ ರಕ್ತ ಇಟ್ಟುಕೊಂಡೇ ಕಾರ್ಯದರ್ಶಿಗಳು ದಿನಾ ದೇವರ ಕೋಣೆಗೆ ಹೋಗುತ್ತಿದ್ದಾರೆ. ಪಾಪ, ತಿಳಿಸಿದವರಿಲ್ಲ.

ಆದಕಾರಣ, ತಮ್ಮಲ್ಲಿ ಅರ್ಧ ಜನ ಆಮ್ಲಜನಕಕ್ಕೆ, ಅರ್ಧ ಜನ ಕಸಕ್ಕೆ ಎಂದು ಪಾಲಾಗಿ, ಒಬ್ಬರನ್ನೊಬ್ಬರು ಮುಟ್ಟದೆ ಓಡಾಡಬೇಕಾಗಿ ವಿನಂತಿ. ಕಸದವರು ಹೃದಯದೊಳಗೆ ಕಾಲಿಡಕೂಡದು. ಇದು ಕಷ್ಟವಾದರೆ ಸಂಘದ ನಿಯಮವನ್ನು ಹತ್ತೇ ನಿಮಿಷ ಪಾಲಿಸಿ ತೋರಿಸಿ: ಕಾರ್ಯದರ್ಶಿಗಳಿಗೆ ಆಮ್ಲಜನಕ ತಂದುಕೊಡಿ, ಕಸ ಮುಟ್ಟಬೇಡಿ. ಮುಷ್ಕರ ಎಂದು ಕರೆಯುವುದು ಬೇಡ, ಮಡಿ ಎನ್ನೋಣ. ಹನ್ನೊಂದನೇ ನಿಮಿಷದಲ್ಲಿ ತುರ್ತು ಸಭೆ ಕರೆಯುವ ಸ್ಥಿತಿಯಲ್ಲಿ ಅವರಿದ್ದರೆ ನಿರ್ಣಯ ಖಂಡಿತ ಬದಲಾಗುತ್ತದೆ.

ತಮ್ಮ ಉತ್ತರಕ್ಕೆ ಕಾಯುವಷ್ಟು ಉಸಿರು ಅಕ್ಕಯಮ್ಮನಲ್ಲಿ ಉಳಿದಿಲ್ಲ ಎಂಬುದನ್ನು ಗಮನಿಸಬೇಕು.

ಇಂತಿ, ಒಂದೊಂದು ಉಸಿರಿಗೂ ಋಣಿಯಾದ
ತಮ್ಮ ವಿಶ್ವಾಸಿ,
ಧನಲಕ್ಷ್ಮಿ

ಮತ್ತೊಂದು ಮಾತು: ಸೋಮವಾರ ಬೆಳಿಗ್ಗೆ ಆರಕ್ಕೆ ಅಕ್ಕಯಮ್ಮ, ನಾನು, ಹದಿನಾರು ಮನೆಯ ಕಸ ಲಿಫ್ಟಿನಲ್ಲೇ ಇಳಿಯುತ್ತೇವೆ. ತಡೆಯುವವರು ತಡೆಯಲಿ. ಕಾರ್ಯದರ್ಶಿಗಳು ಮೂಗು ಮುಚ್ಚಿ, ಉಸಿರು ಬಿಗಿಹಿಡಿದು ಜೊತೆಗೆ ಬರುವುದಾದರೆ ಸ್ವಾಗತ. ಪ್ರತಿ ಮಹಡಿಯಲ್ಲೂ ನಿಲ್ಲಿಸುತ್ತೇವೆ, ತಡವಾಗುತ್ತದೆ. ನಡುದಾರಿಯಲ್ಲೇ ಅವರ ಬಾಯಿ ತೆರೆಸುವುದು ಆಮ್ಲಜನಕದ ಕೊರತೆಯಲ್ಲ, ಎತ್ತುವವರಿಲ್ಲದೆ ಮೈಯೊಳಗೇ ಉಳಿದ ಕಸ.