ಜನರಲ್ ಸಾಹೇಬರ ತುಕ್ಕು ಮೊಳೆ

ಜನರಲ್ ಸಾಹೇಬರು ಮೀಸೆ ತಾತನನ್ನು ಮೊದಲು ಕಂಡದ್ದು ಒಂದು ಮಂಗಳವಾರ ಸಂಜೆ, ಐದು ಗಂಟೆ ಹತ್ತು ನಿಮಿಷಕ್ಕೆ. ಸಾಹೇಬರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಜನರಲ್ ಎಂದ ಮಾತ್ರಕ್ಕೆ ಯುದ್ಧ ಕಂಡವರೇನಲ್ಲ. ಅಂಚೆ ಕಚೇರಿಯ ಗುಮಾಸ್ತರು. ಸೈನಿಕರ ಹಳೆಯ ಗುಂಡಿ, ಹೆಲ್ಮೆಟ್ಟು, ಪದಕ ಎಲ್ಲಿ ಕಂಡರೂ ಮನೆಗೆ ಹೊತ್ತು ತರುತ್ತಿದ್ದುದಕ್ಕೆ ಸಹೋದ್ಯೋಗಿಗಳು ಕೊಟ್ಟ ಬಡ್ತಿ ಅದು. ಸಂಬಳ ಮಾತ್ರ ಗುಮಾಸ್ತರದೇ!

ಹಳೆಯ ಪದಕವೊಂದಿದೆ, ನೋಡು ಬಾ ಎಂದು ತಾತನೇ ಹೇಳಿಕಳಿಸಿದ್ದರು. ಅವರ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ ಒಂದು ಮೇಜು. ಅದರ ಒಂದು ಕಾಲು ಗಿಡ್ಡ. ಜನರಲ್ ಮೊಣಕೈ ಊರಿದ್ದೇ ತಡ, ಮೇಜು ಓಲಾಡಿತು, ಚಹಾ ಚೆಲ್ಲಿತು, ತಾತನ ಬಿಳಿ ಪ್ಯಾಂಟಿನ ಮೇಲೆ ಭೂಪಟವೊಂದು ಮೂಡಿತು.

"ಹತ್ತು ವರ್ಷದಿಂದ ಹೀಗೇ ಕುಣೀತಿದೆ ಕಣಪ್ಪಾ."

"ನಮ್ಮ ಬಡಗಿನ ಕಳಿಸ್ತೀನಿ ತಾತ, ಯೋಚನೆ ಬಿಡಿ!"

ತಾತ ಕರವಸ್ತ್ರ ಬಿಚ್ಚಿ ತಂದೆಯ ಪದಕ ತೋರಿಸಿದರು. ಪಟ್ಟಿ ಕಿತ್ತುಹೋದ, ಕೊಂಡಿ ಮುರಿದ, ಕಪ್ಪುಗಟ್ಟಿದ ಕಂಚಿನ ಬಿಲ್ಲೆ. ಅಂಚಿನಲ್ಲಿ ಮಾತ್ರ ಸವೆದ ಒಂದು ಸಂಖ್ಯೆ.

"ಅಪ್ಪ ಯಾವ ದಳದಲ್ಲಿದ್ರು, ಇದನ್ನ ಯಾಕೆ ಕೊಟ್ರು, ಏನೂ ಹೇಳ್ಲಿಲ್ಲ. ಭಾನುವಾರ ಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರ್ತಾರೆ. ಅವರಿಗೆ ಹೇಳೋಕೆ ನನ್ನ ಹತ್ರ ಒಂದು ಮಾತೂ ಇಲ್ಲ, ಈ ಸಂಖ್ಯೆಯಿಂದ ಏನಾದ್ರೂ ಹುಡುಕಿಕೊಡು. ಜೋಪಾನ ಕಣಪ್ಪಾ, ಅವರದು ಅಂತ ಉಳಿದಿರೋದು ಇದೊಂದೇ. ಒಂದು ಫೋಟೋನೂ ಇಲ್ಲ."

ಜನರಲ್ ಎದೆಯುಬ್ಬಿಸಿದರು. "ತಾತ, ನನ್ನ ಮನೆ ಸೇರಿದ ವಸ್ತುನ ಶತ್ರು ಸೈನ್ಯ ಬಂದ್ರೂ ಹುಡುಕೋಕಾಗಲ್ಲ!"

ಈ ಮಾತು ಅಕ್ಷರಶಃ ನಿಜವಾಯಿತು.

ಜನರಲ್‌ರ ಸಂಗ್ರಹಕ್ಕೆ ಎರಡು ಕಾನೂನು. ಒಂದು, ಯಾವುದನ್ನೂ ತಿಕ್ಕಿ ಹೊಳಪು ಕೊಡಬಾರದು. ಆ ಕಪ್ಪೇ ಇತಿಹಾಸ. ಎರಡು, ಡಬ್ಬಿಯ ಮೇಲೆ ಒಳಗಿರುವುದನ್ನು ಬರೆಯಬಾರದು, ಕಳ್ಳರು ಮೋಸಹೋಗಬೇಕು. ಹೆಲ್ಮೆಟ್ಟಿನ ಪೆಟ್ಟಿಗೆಯ ಮೇಲೆ 'ಹಳೇ ಕ್ಯಾಲೆಂಡರ್', ಸೈನಿಕರ ಗುಂಡಿಗಳ ಮೇಲೆ 'ಅವಧಿ ಮುಗಿದ ಮಾತ್ರೆ'. ತಾತನ ಪದಕ ಹೋದದ್ದು 'ತುಕ್ಕು ಮೊಳೆ, ವಾಷರ್' ಎಂಬ ಡಬ್ಬಿಗೆ. ನಂಬಿಕೆ ಬರಲೆಂದು ಮೇಲೆ ಎರಡು ನಿಜವಾದ ತುಕ್ಕು ಮೊಳೆಗಳನ್ನೂ ಇಟ್ಟರು. ಏನು ದೂರಾಲೋಚನೆ!

ಮೂರು ದಿನ ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಓಡಿ ಹಳೆಯ ಸೈನಿಕರ ಪಟ್ಟಿಗಳನ್ನು ಜಾಲಾಡಿದರು. ಶುಕ್ರವಾರ ಸಂಖ್ಯೆ ಸಿಕ್ಕಿತು! ಒಂದಲ್ಲ, ಎರಡು. ಸವೆದ ಕೊನೆಯ ಅಂಕಿ ಮೂರಾದರೆ ವಾದ್ಯದ ದಳದ ಡೋಲು ಬಾರಿಸುವವನು. ಎಂಟಾದರೆ ಬೇರೆಯೇ ಮನುಷ್ಯ. ಪದಕವನ್ನು ಇನ್ನೊಮ್ಮೆ ನೋಡಲೇಬೇಕು. ಏದುಸಿರು ಬಿಡುತ್ತಾ ಮನೆಗೆ ಬಂದರೆ, ಕಪಾಟಿನಲ್ಲಿ ಡಬ್ಬಿಯೇ ಇಲ್ಲ.

"ಲೇ, ಇಲ್ಲಿದ್ದ ಮೊಳೆ ಡಬ್ಬಿ ಎಲ್ಲೇ?" ಎಂದು ಹೆಂಡತಿಯನ್ನು ಕೂಗಿದರು.

"ಅದಾ? ಬೆಳಿಗ್ಗೆ ಬಡಗಿ ಚಿಲಕ ರಿಪೇರಿಗೆ ಬಂದಿದ್ದ. ಮೊಳೆ ಇದೆಯಾಮ್ಮಾ ಅಂದ. ಡಬ್ಬಿ ಸಮೇತ ತಗೊಂಡು ಹೋಗಪ್ಪಾ ಅಂದೆ. ಮನೇಲಿ ಒಂದು ಕಸ ಕಮ್ಮಿಯಾಯ್ತು."

ಜನರಲ್ ಕುರ್ಚಿ ಇಲ್ಲದ ಕಡೆ ಕೂತರು. "ಅದರಲ್ಲಿ ತಾತನ ಪದಕ ಇತ್ತು ಕಣೇ!"

"ಮೊಳೆ ಅಂತ ಬರೆದಿದ್ರಿ."

"ಕಳ್ಳರಿಗೆ ಗೊತ್ತಾಗಬಾರದು ಅಂತ!"

"ಕಳ್ಳರಿಗೆ ಗೊತ್ತಾಗ್ಲಿಲ್ಲ ಬಿಡಿ, ಹೆಂಡ್ತಿಗೂ ಗೊತ್ತಾಗ್ಲಿಲ್ಲ. ಅಲ್ಲಾ ರೀ, ಹದಿನಾರು ವರ್ಷ ಸಂಸಾರ ಮಾಡಿದೀನಿ, ನನ್ನ ಮೇಲೆ ಏನಂತ ಚೀಟಿ ಅಂಟಿಸಿದೀರಿ? ಅದನ್ನಾದ್ರೂ ಹೇಳಿ!"

ಶನಿವಾರ ಬೆಳಿಗ್ಗೆ ಬಡಗಿ ಕಿವಿಯ ಮೇಲಿನ ಪೆನ್ಸಿಲಿನಿಂದ ತಲೆ ಕೆರೆದುಕೊಂಡ.

"ಎರಡೇ ಮೊಳೆ ಸಾರ್, ಅದೂ ಸೊಟ್ಟ. ವಾಷರ್‌ಗೆ ತೂತೇ ಇರ್ಲಿಲ್ಲ! ಯಾವುದೋ ಕಾಲು ಕುಂಟ್ತಿತ್ತು, ಅದರ ಕೆಳಗೆ ಇಟ್ಟೆ."

"ಯಾವ ಮನೇಲಪ್ಪಾ?"

"ನಿನ್ನೆ ಐದು ಕಡೆ ಹೋಗಿದ್ದೆ. ದರ್ಜಿ, ಹಲ್ಲಿನ ಡಾಕ್ಟ್ರು, ಮೇಷ್ಟ್ರು, ಬೇಕರಿ... ಆಮೇಲೆ ನೀವೇ ಕಳಿಸಿದ್ರಲ್ಲ, ಮೀಸೆ ತಾತ."

ಐದನೆಯ ಹೆಸರು ಕೇಳಿದ್ದೇ ಜನರಲ್, ಆ ಮನೆಗೆ ಕೊನೆಯಲ್ಲೇ ಹೋಗುವುದೆಂದು ತೀರ್ಮಾನಿಸಿ, ಮೊದಲ ನಾಲ್ಕು ಕಡೆ ದಂಡಯಾತ್ರೆ ಹೊರಟರು. ದರ್ಜಿಯ ಹೊಲಿಗೆ ಯಂತ್ರದ ಕೆಳಗೆ ತೆವಳಿದರು. ಹಲ್ಲಿನ ಡಾಕ್ಟರ ಬೆಂಚಿನಡಿ ನುಗ್ಗಿದಾಗ, ಕೆನ್ನೆ ಊದಿದ ರೋಗಿಯೊಬ್ಬರು ಎರಡೂ ಕಾಲು ಮೇಲೆತ್ತಿಕೊಂಡು ಚೀರಿದರು. ಮೇಷ್ಟ್ರು "ಏನ್ರೀ ಕಳ್ಕೊಂಡ್ರಿ?" ಎಂದು ಕೇಳಿದರು. "ಮಾನ," ಎಂದರು ಜನರಲ್. ಬೇಕರಿಯಲ್ಲಿ ಸಿಕ್ಕಿದ್ದು ಮೊಣಕಾಲಿಗೆ ಅಂಟಿದ ಮೈದಾಹಿಟ್ಟು ಮಾತ್ರ.

ಸಂಜೆ ಬೇರೆ ದಾರಿಯಿರಲಿಲ್ಲ. ತಾತನ ಮೇಜಿನ ಮೇಲೆ ಮೊಣಕೈ ಊರಿದರು. ಮೇಜು ಕದಲಲಿಲ್ಲ!

"ನಿನ್ನ ಬಡಗಿ ಒಳ್ಳೆ ಕೆಲಸಗಾರ," ಎನ್ನುತ್ತಾ ತಾತ ಚಹಾ ಇಟ್ಟರು.

ನಿಜ ಹೇಳಲು ಬಂದವರ ತಲೆಗೆ ಆ ಗಳಿಗೆಯಲ್ಲಿ ಒಂದು ಕೆಟ್ಟ ಯೋಚನೆ ಹೊಕ್ಕಿತು. ಪದಕವನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡು, ಈಗ ತಂದಂತೆ ಕೊಟ್ಟುಬಿಟ್ಟರೆ? ಬೇಕೆಂದೇ ಪೆನ್ನು ಬೀಳಿಸಿ ಮೇಜಿನಡಿ ನುಸುಳಿದರು. ಗಿಡ್ಡ ಕಾಲಿನ ಕೆಳಗೆ ಕಪ್ಪು ಬಿಲ್ಲೆ! ಅಂಚು ಬೆಳಕಿನ ಕಡೆಗೇ ಇತ್ತು. ಕೊನೆಯ ಅಂಕಿ ಎಂಟು.

"ಸಿಕ್ರಾ?" ಮೇಲಿನಿಂದ ಧ್ವನಿ.

"ಪೆನ್ನಾ? ಹ್ಞೂಂ, ಸಿಕ್ತು ತಾತ."

"ಪೆನ್ನಲ್ಲಪ್ಪಾ. ನಮ್ಮಪ್ಪ."

ಜನರಲ್‌ರ ತಲೆ ಮೇಜಿಗೆ ಢಣಾರನೆ ಬಡಿಯಿತು. ಅಷ್ಟಾದರೂ ಮೇಜು ಓಲಾಡಲಿಲ್ಲ.

"ಬಡಗಿ ಇಡೋವಾಗ್ಲೇ ಗುರುತು ಹಿಡಿದೆ. ನೀನು ಬಂದು ಏನು ಹೇಳ್ತೀಯ ನೋಡೋಣ ಅಂತ ಹಾಗೇ ಬಿಟ್ಟೆ. ಪೆನ್ನು ಬೀಳಿಸ್ತೀಯ ಅಂದ್ಕೊಂಡಿರ್ಲಿಲ್ಲ."

ಜನರಲ್ ಮೇಜಿನಡಿಯಿಂದಲೇ ಎಲ್ಲವನ್ನೂ ಒಪ್ಪಿಕೊಂಡರು. ಮುಖ ತೋರಿಸಲು ಧೈರ್ಯವಿರಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದರು: "ತಾತ, ನಿಮ್ಮ ತಂದೆ ಸೇತುವೆ ಕಟ್ಟೋ ದಳದಲ್ಲಿದ್ರು. ಪ್ರವಾಹದಲ್ಲಿ ಸೇತುವೆ ಕುಸೀತಿದ್ದಾಗ ನೀರಿಗಿಳಿದು, ಎಲ್ಲರೂ ದಾಟೋವರೆಗೆ ಕಂಬಕ್ಕೆ ಆಸರೆ ಕೊಟ್ಟು ನಿಂತಿದ್ರಂತೆ. ಅದಕ್ಕೇ ಪದಕ. ಪಟ್ಟಿಯಲ್ಲಿ ಅವರ ಕೆಲಸ ಅಂತ ಬರೆದಿರೋದು... ಬಡಗಿ."

ತಾತ ಅಂಗೈಯಿಂದ ಮೇಜನ್ನು ನಿಧಾನವಾಗಿ ಸವರಿದರು.

"ಅದಕ್ಕೇ ಅಲ್ಲಾಡ್ತಿಲ್ಲ," ಎಂದರು.

ಈಗ ಜನರಲ್ ಸಾಹೇಬರು ಪ್ರತಿಯೊಂದು ಡಬ್ಬಿಯ ಮೇಲೂ ಒಳಗಿರುವುದನ್ನೇ ಬರೆಯುತ್ತಾರೆ. ಮನೆಯಾಕೆ ಮುಚ್ಚಳ ತೆಗೆದು ನೋಡಿ, ಕೆಳಗೆ ಸಹಿ ಹಾಕುತ್ತಾರೆ.