ಚಪ್ಪಲಿ ಸ್ಟ್ಯಾಂಡಿನ ಪಕ್ಕದ ತಲೆನೋವು

ತಲೆನೋವು ಎಂದು ಹೇಳಿಕೊಳ್ಳುವವನನ್ನು ಯಾರೂ ನಂಬುವುದಿಲ್ಲ. ಜ್ವರ ಬಂದರೆ ಹಣೆ ಸುಡುತ್ತದೆ, ಉಳುಕಿದರೆ ಕಾಲು ಊದುತ್ತದೆ. ತಲೆನೋವಿಗೆ ಮುಖವೊಂದೇ ಸಾಕ್ಷಿ. ನನ್ನ ಮುಖ ನೋವಿಲ್ಲದಾಗಲೂ ಹಾಗೇ ಇರುತ್ತದೆ ಎನ್ನುವುದು ನನ್ನ ಹೆಂಡತಿ ಸರೋಜಳ ವಾದ. ನನ್ನದು ಎಡಗಿವಿಯ ಹಿಂದೆ ಹುಟ್ಟಿ, ಕಣತಲೆಗೆ ಹತ್ತಿ, ಹುಬ್ಬಿನ ಮೇಲೆ ಬಂದು ಕೂರುತ್ತಿತ್ತು. ಕನ್ನಡಕ ಬದಲಾಯಿಸಿದ್ದಾಯಿತು. ಮುಲಾಮು ಹಚ್ಚಿ ಹಚ್ಚಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು, ಅದೊಂದೇ ಲಾಭ. ಆಫೀಸಿನಲ್ಲಿ ಕೂಡಿಸಿದ ಲೆಕ್ಕವೆಲ್ಲ ತಪ್ಪಾಗಿ, ಮನೆಯಲ್ಲಿ ಮಗಳು ನಕ್ಕರೂ ಸಿಡುಕುವಂತಾದಾಗ ನನಗೇ ಭಯವಾಯಿತು.

ಬಸವೇಶ್ವರನಗರದ ನಮ್ಮ ರಸ್ತೆಯ ಮೂಲೆಯಲ್ಲಿ ಒಬ್ಬ ಹಿರಿಯ ಡಾಕ್ಟರಿದ್ದರು. ಅವರು ತಲೆಯ ಕಡೆ ನೋಡಲೇ ಇಲ್ಲ. ಅಂಗಿ ಬಿಚ್ಚಿಸಿ, ಕತ್ತು ಭುಜ ಸೇರುವ ಕಡೆ ಬೆರಳಾಡಿಸಿ, ಒಂದು ಜಾಗ ಹುಡುಕಿ ಒತ್ತಿದರು. ನಾನು ಕೂಗಿಕೊಂಡೆ. ಒತ್ತಿದ್ದು ಎಡಭುಜವನ್ನು, ನೋವು ಎದ್ದದ್ದು ಕಿವಿಯ ಹಿಂದೆ. ಅಲ್ಲಿಂದ ಅದೇ ಹಳೆಯ ದಾರಿಯಲ್ಲಿ ಹುಬ್ಬಿನವರೆಗೆ!

"ಸ್ನಾಯು ಇಲ್ಲಿ ಗಂಟು ಕಟ್ಕೊಂಡಿದೆ ಕಣ್ರೀ. ತಲೇಲಿರೋ ನೋವು ಬರೀ ಬಾಡಿಗೆಗಿದೆ, ಓನರ್ ಇರೋದು ಭುಜದಲ್ಲಿ. ದಿನಾ ಬಲಗಡೆ ಕತ್ತು ತಿರುಗಿಸ್ಕೊಂಡು ಕೂರೋ ಕೆಲಸ ಏನಾದ್ರೂ ಇದೆಯಾ?"

"ಇಲ್ಲ ಸಾರ್," ಎಂದೆ.

"ಟೀವಿ ಅಂತ ಹೇಳ್ರೀ," ಎಂದಳು ಜೊತೆಗೆ ಬಂದಿದ್ದ ಸರೋಜ.

ನಿಜ. ನಾವು ಬಾಡಿಗೆಗಿದ್ದ ಮನೆಯ ಓನರ್ ಚಿಕ್ಕಣ್ಣನವರ ಹಾಲಿನಲ್ಲಿ ಎಲ್ಲ ಪೋರ್ಶನ್ನಿನವರೂ ಟೀವಿ ನೋಡುತ್ತಿದ್ದೆವು. ಮೊದಲ ದಿನ ಕೂತದ್ದೇ ಖಾಯಂ ಜಾಗ. ನನಗೆ ಸಿಕ್ಕಿದ್ದು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಗೋಡೆ. ಟೀವಿ ಪೂರ್ತಿ ಬಲಕ್ಕೆ. "ಜಾಗ ಬದಲಾಯ್ಸಿ, ಬಿಸಿ ಶಾಖ ಕೊಡಿ, ಆಗಾಗ ಕತ್ತು ಆಡಿಸಿ" ಎಂದು ಡಾಕ್ಟರು ಸಲೀಸಾಗಿ ಹೇಳಿಬಿಟ್ಟರು. ಶಾಖ ಕೊಡಬಹುದು, ಜಾಗ ಬದಲಾಯಿಸುವುದು ಹೇಗೆ? ಭಾನುವಾರದ ಸಿನಿಮಾಕ್ಕೆ ಬೇಗ ಹೋಗಿ ಟೀವಿಯ ನೇರಕ್ಕೆ ಕೂತೆ. ಚಿಕ್ಕಣ್ಣನವರ ತಾಯಿ ಬಂದು, "ಏನಪ್ಪಾ, ಇವತ್ತು ದಾರಿ ತಪ್ಪಿ ಬಂದ್ಯಾ?" ಎಂದರು. ಅದು ಅಜ್ಜಿಯ ಜಾಗವಂತೆ. ಎದ್ದು ಚಪ್ಪಲಿಗಳ ಬಳಿಗೆ ಮರಳಿದೆ.

ಕೊನೆಗೆ ನಾವೇ ಒಂದು ಟೀವಿ ಕೊಂಡೆವು. ಅದರ ನೇರಕ್ಕೆ ನನ್ನ ಕುರ್ಚಿ ಹಾಕಿಕೊಂಡೆ. ನೋವು ಇಳಿಯಿತು, ಮಗಳ ಜೊತೆ ನಾನೂ ನಗತೊಡಗಿದೆ. ಅಷ್ಟರಲ್ಲಿ ಓನರ್ ಮನೆಯ ಟೀವಿ ಕೆಟ್ಟಿತು. "ಒಂದು ವಾರ ಇಲ್ಲೇ ನೋಡ್ತೀವಪ್ಪಾ" ಎಂದು ಅಜ್ಜಿ ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ನಮ್ಮದೇ ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ಸರಿದೆ. ಈ ಸಲ ಟೀವಿ ಎಡಕ್ಕೆ. ಅವರ ಟೀವಿ ರಿಪೇರಿಯಾಯಿತು, ಆದರೆ ನಮ್ಮದರಲ್ಲಿ ಮುಖಗಳು ಚೆನ್ನಾಗಿ ಕಾಣುತ್ತವೆಂದು ಅಜ್ಜಿ ಹೋಗಲಿಲ್ಲ. ಈಗ ನೋವು ಬಲಗಿವಿಯ ಹಿಂದೆ ಹುಟ್ಟಿತು. ಡಾಕ್ಟರು ಬಲಭುಜ ಒತ್ತಿದರು, ನಾನು ಮತ್ತೆ ಕೂಗಿಕೊಂಡೆ.

"ನನ್ನ ಕುರ್ಚಿ ಬಿಡಿ ಅನ್ನೋಕೂ ಬಾಯಿ ಬರಲ್ಲ ಡಾಕ್ಟ್ರೇ ಇವ್ರಿಗೆ. ಅದಕ್ಕೇನಾದ್ರೂ ಔಷಧಿ ಇದ್ರೆ ಕೊಡಿ," ಎಂದಳು ಸರೋಜ.

ರೋಷ ಬಂತು. ಮುಂದಿನ ಭಾನುವಾರ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಅಜ್ಜಿ ಬಾಗಿಲಲ್ಲಿ ಕಂಡರು. ಎದ್ದು ನಿಂತುಬಿಟ್ಟೆ. ಈಗ ಕುರ್ಚಿಯ ಹಿಂದೆ ನಿಂತೇ ಸಿನಿಮಾ ನೋಡುತ್ತೇನೆ. ಕತ್ತು ನೆಟ್ಟಗಿರುತ್ತದೆ, ತಲೆನೋವಿಲ್ಲ. ಸೊಂಟ ಮಾತ್ರ ಸ್ವಲ್ಪ ಹಿಡಿಯುತ್ತಿದೆ.